ಗಾಲಿ ತಾಗುವ ಮೊದಲೇ ಬ್ರೇಕು

ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ಕಲಬುರಗಿಗೆ ಬರುವ ಟೆಂಪೊ ಒಂದರ ಹಿಂದೆ ಗಾಡಿ ಓಡಿಸಿ ನೋಡಿ. ಹುಮನಾಬಾದ್ ರಸ್ತೆಯಲ್ಲಿ ಹಂಪ್ ಇನ್ನೂ ಅಷ್ಟು ದೂರ ಇರುವಾಗಲೇ ಟೆಂಪೊದ ಹಿಂದಿನ ಕೆಂಪು ದೀಪ ಹತ್ತುತ್ತದೆ. ಗೊನೆಗೆ ಗೊನೆ ಬಡಿದರೆ ಸಿಪ್ಪೆ ಕಪ್ಪಾಗುತ್ತದೆ, ಕಪ್ಪಾದ ಹಣ್ಣಿನ ದರ ಬೀಳುತ್ತದೆ. ಭೌಗೋಳಿಕ ಸೂಚ್ಯಂಕದ ಗೌರವ ಪಡೆದ ಹಣ್ಣು ಅದು, ಜರ್ಕ್ ಹೊಡೆಸಿ ತರಲು ಯಾರಿಗೂ ಮನಸ್ಸು ಬರುವುದಿಲ್ಲ. ಖಾಲಿ ಗಾಡಿ ಬ್ಯಾರೆ, ತುಂಬಿದ ಗಾಡಿ ಬ್ಯಾರೆ ಎಂಬುದು ಆ ಚಾಲಕನಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಊರಿನ ಇನ್ನೊಂದು ಮಗ್ಗುಲಿಗೆ, ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಗ್ರಾಮದ ಹತ್ತಿರ, ಕಲಬುರಗಿ ವಿಮಾನ ನಿಲ್ದಾಣದ 3,175 ಮೀಟರ್ ಉದ್ದದ ರನ್‌ವೇ ಮಲಗಿದೆ. 2019ರ ನವೆಂಬರ್ 22ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಆ ನಿಲ್ದಾಣವನ್ನು ಉದ್ಘಾಟಿಸಿದರು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಕಲಬುರಗಿಯೂ ಬೆಳಗಾವಿಯೂ ಅದರಲ್ಲಿದ್ದವು. ತೊಗರಿ ಹೊಲಗಳ ಮೇಲೆ ಪುಟ್ಟ ವಿಮಾನ ಸುತ್ತಿಸುತ್ತಿರುವ ಹುಡುಗ ಹುಡುಗಿಯರು ನಾಳೆ ಬೋಯಿಂಗ್ 737ರಲ್ಲೋ ಏರ್‌ಬಸ್ 320ರಲ್ಲೋ ಕೂರುತ್ತಾರೆ. ಆಗ ಅವರ ಮುಂದೆ ಒಂದು ಸಣ್ಣ ಗುಂಡಿ ಇರುತ್ತದೆ, ಹೆಸರು ಆಟೋಬ್ರೇಕ್. ಇಳಿದ ಮೇಲೆ ವಿಮಾನ ಎಷ್ಟು ಬಿರುಸಾಗಿ ನಿಲ್ಲಬೇಕು ಎಂಬುದನ್ನು ಇಳಿಯುವ ಮೊದಲೇ ಹೇಳಿ ಇಡುವ ಗುಂಡಿ. ಅದನ್ನು ಯಾವ ಹಂತಕ್ಕೆ ಇಡಬೇಕು ಎಂಬುದಕ್ಕೆ ಕೆಲವು ಸೂತ್ರಗಳು ಇಲ್ಲಿವೆ. ಕಂಪನಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಗೆಲ್ಲಬೇಕು, ಈ ಲೇಖನ ಸೋಲಬೇಕು.

1. ಗುಂಡಿ ಏನು ಕೊಡುತ್ತದೆ ಎಂದು ತಿಳಿದುಕೊಳ್ಳಿ

ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಆಟೋಬ್ರೇಕ್ ಒಂದು ನಿಗದಿತ ಒತ್ತಡ ಹಾಕಿ ಸುಮ್ಮನಾಗುವುದಿಲ್ಲ. ವೇಗ ಇಳಿಯುವ ದರವನ್ನು ಅದು ಹಿಡಿದಿಡುತ್ತದೆ. 737ರಲ್ಲಿ ಇಳಿಯುವಾಗ ಬಳಸುವ ನಾಲ್ಕು ಹಂತಗಳಿವೆ: 1, 2, 3 ಮತ್ತು ಮ್ಯಾಕ್ಸ್. ಒಂದಕ್ಕೆ ಇಟ್ಟರೆ ಪ್ರತಿ ಸೆಕೆಂಡಿಗೆ ವೇಗ 4 ಅಡಿಯಷ್ಟು ಕಡಿಮೆಯಾಗುತ್ತದೆ, ಎರಡಕ್ಕೆ 5 ಅಡಿ, ಮೂರಕ್ಕೆ 7.2 ಅಡಿ. ಮ್ಯಾಕ್ಸ್‌ನಲ್ಲಿ 80 ನಾಟ್ ವೇಗದ ಮೇಲೆ 14 ಅಡಿ, ಕೆಳಗೆ 12 ಅಡಿ. ಏರ್‌ಬಸ್ 320ರಲ್ಲಿ ಲೋ ಎಂದರೆ ಸೆಕೆಂಡಿಗೆ 1.7 ಮೀಟರ್, ಮೀಡಿಯಂ ಎಂದರೆ 3 ಮೀಟರ್.

ಇದರಿಂದ ಹುಟ್ಟುವ ಒಂದು ವಿಚಿತ್ರ ಗಮನಿಸಿ. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ಎಳೆದರೆ ವಿಮಾನ ಬೇಗ ನಿಲ್ಲುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಣ ರನ್‌ವೇಯಲ್ಲಿ ಆಟೋಬ್ರೇಕ್ 2ಕ್ಕೆ ಇಟ್ಟು ರಿವರ್ಸರ್ ಎಳೆದರೆ ನಿಲ್ಲುವ ದೂರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರಿವರ್ಸರ್ ಎಷ್ಟು ಎಳೆಯಿತೋ ಅಷ್ಟು ಒತ್ತಡವನ್ನು ಆಟೋಬ್ರೇಕ್ ಚಕ್ರದಿಂದ ಬಿಟ್ಟುಕೊಡುತ್ತದೆ, ಒಟ್ಟು ದರ ಬದಲಾಗುವುದಿಲ್ಲ. ಲಾಭ ಆಗುವುದು ಬ್ರೇಕಿಗೆ, ಕಡಿಮೆ ಕಾಯುತ್ತದೆ. ಒದ್ದೆ ರನ್‌ವೇಯ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

2. ಲೆಕ್ಕವನ್ನು ಮೇಲೆಯೇ ಮುಗಿಸಿ

ಗುಂಡಿ ತಿರುಗಿಸುವ ತೀರ್ಮಾನ ಇಳಿಯಲು ತೊಡಗುವ ಮುನ್ನವೇ ಆಗಬೇಕು. ಕಾಫಿ ಲೋಟ ಕೈಯಲ್ಲಿದ್ದು ಪಕ್ಕದವರೊಡನೆ ಮಾತಾಡಲು ಪುರುಸೊತ್ತಿರುವ ಹೊತ್ತದು. ಕೊನೆಯ ಐದು ಮೈಲಿಯಲ್ಲಿ ಲೆಕ್ಕ ಹಾಕುವವನು ಲೆಕ್ಕವನ್ನೂ ತಪ್ಪುತ್ತಾನೆ, ವಿಮಾನವನ್ನೂ.

ಹೈಸ್ಕೂಲಿನ ಭೌತಶಾಸ್ತ್ರ ಸಾಕು. ವೇಗದ ವರ್ಗವನ್ನು ಇಳಿಕೆಯ ದರದ ಎರಡು ಪಟ್ಟಿನಿಂದ ಭಾಗಿಸಿದರೆ ನಿಲ್ಲಲು ಬೇಕಾದ ದೂರ ಸಿಗುತ್ತದೆ. ನೆಲದ ಮೇಲೆ 135 ನಾಟ್ ವೇಗ ಎಂದರೆ ಸೆಕೆಂಡಿಗೆ ಸುಮಾರು 69 ಮೀಟರ್. ರನ್‌ವೇ ಅಂಚು ದಾಟಿ ಗಾಲಿ ತಾಗುವವರೆಗೆ, ಆಮೇಲೆ ಬ್ರೇಕು ಪೂರ್ತಿ ಹಿಡಿಯುವವರೆಗೆ ಕರಗುವ ನೆಲ ಸುಮಾರು 600 ಮೀಟರ್ ಎಂದು ಇಟ್ಟುಕೊಳ್ಳೋಣ. 737ರ ಹಂತ 1ಕ್ಕೆ ಒಟ್ಟು 2,570 ಮೀಟರ್ ಬೇಕು. ಹಂತ 2ಕ್ಕೆ 2,180, ಹಂತ 3ಕ್ಕೆ 1,700, ಮ್ಯಾಕ್ಸ್‌ಗೆ 1,200.

ಈಗ ಈ ಅಂಕಿಗಳನ್ನು ನಮ್ಮ ನೆಲದ ಮೇಲೆ ಹಾಸಿ ನೋಡಿ. ಕಲಬುರಗಿಯ 3,175 ಮೀಟರಿನಲ್ಲಿ ಹಂತ 1 ಸಲೀಸಾಗಿ ಕೂರುತ್ತದೆ, ಮುಂದೆ ಇನ್ನೂ 600 ಮೀಟರ್ ಉಳಿಯುತ್ತದೆ. ಮಂಗಳೂರಿನ 2,450 ಮೀಟರ್ ರನ್‌ವೇಯಲ್ಲಿ ಅದೇ ಹಂತ 1 ಹಿಡಿಸುವುದೇ ಇಲ್ಲ, ಅಂಚಿನಿಂದ ನೂರಕ್ಕೂ ಹೆಚ್ಚು ಮೀಟರ್ ಆಚೆ ಹೋಗುತ್ತದೆ. ಆಚೆ ಇರುವುದು ಕಣಿವೆ. ವಿಮಾನ ಅದೇ, ಪೈಲಟ್ ಅದೇ, ಗುಂಡಿ ಮಾತ್ರ ಬೇರೆ ಕಡೆ ನಿಲ್ಲಬೇಕು.

ಇದು ಬರಿಯ ಗಣಿತ. ನಿಜವಾದ ಕೆಲಸಕ್ಕೆ ತಯಾರಕರ ಕೋಷ್ಟಕ ಇದೆ, ತೂಕ, ಫ್ಲ್ಯಾಪ್, ಗಾಳಿ, ಇಳಿಜಾರು ಎಲ್ಲ ಅದರೊಳಗೆ ಬರುತ್ತವೆ. ಹಾಗೆ ಬಂದ ದೂರಕ್ಕೆ ಕನಿಷ್ಠ ನೂರಕ್ಕೆ 15ರಷ್ಟು ಸೇರಿಸಿ ನೋಡುವುದು ಒಳ್ಳೆಯ ಕಂಪನಿಗಳ ರೂಢಿ. ಆದರೂ ಮೇಲಿನ ಗಣಿತ ಬಾಯಿಪಾಠ ಇರಲಿ. ಲೆಕ್ಕ ಹಾಕುವ ಟ್ಯಾಬ್ಲೆಟ್ ತಪ್ಪು ಉತ್ತರ ಕೊಟ್ಟರೆ ಮೂಗಿಗೆ ವಾಸನೆ ಬಡಿಯಬೇಕಲ್ಲ!

3. ಕಲಬುರಗಿಯ ಬಿಸಿಲನ್ನು ಹಿಂಗಾಳಿ ಎಂದು ಎಣಿಸಿ

ಈ ಸೂತ್ರ ಬೇರೆ ಊರಿನವರಿಗೆ ಅಷ್ಟು ಬೇಕಿಲ್ಲ, ನಮಗೆ ಬೇಕೇ ಬೇಕು.

ವಿಮಾನದ ವೇಗಮಾಪಕ ಗಾಳಿಯ ಒತ್ತಡವನ್ನು ಅಳೆಯುತ್ತದೆ. ಗಾಳಿ ತೆಳುವಾದರೆ ಅದೇ ಮುಳ್ಳಿಗೆ ವಿಮಾನ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಸಾವಿರ ಅಡಿ ಮೇಲಿದೆ. ಅದರ ಮೇಲೆ ಮೇ ತಿಂಗಳ ಬಿಸಿಲು. ಬಿಸಿಲು ಬಲ್ಲವರಿಗೆ ಹೇಳಬೇಕಿಲ್ಲ, ಮಧ್ಯಾಹ್ನ ಸೂಪರ್ ಮಾರ್ಕೆಟ್ ಬೀದಿಯಲ್ಲಿ ನಾಯಿಯೂ ಓಡಾಡದ ಹೊತ್ತು. 42 ಡಿಗ್ರಿ ಶಾಖದಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ತಂಪು ದಿನದ ಗಾಳಿಯ ನೂರಕ್ಕೆ 87ಕ್ಕೆ ಇಳಿದಿರುತ್ತದೆ. ಮುಳ್ಳು 135 ನಾಟ್ ತೋರಿಸುತ್ತಿರುವಾಗ ವಿಮಾನ ನಿಜಕ್ಕೂ 145 ನಾಟ್‌ನಲ್ಲಿ ಬರುತ್ತಿರುತ್ತದೆ. ಎಲೆ ಅಲುಗದ ದಿನವೂ ಬೆನ್ನಿಗೆ 10 ನಾಟ್ ಗಾಳಿ ಬೀಸಿದಂತೆ.

ಹತ್ತೇ ನಾಟ್ ತಾನೆ ಎನ್ನಬೇಡಿ. ದೂರ ಬೆಳೆಯುವುದು ವೇಗದ ವರ್ಗದಂತೆ. ಮೇಲಿನ ಲೆಕ್ಕ ಮತ್ತೆ ಹಾಕಿದರೆ ಹಂತ 1ಕ್ಕೆ 2,570ರ ಬದಲು ಸುಮಾರು 2,920 ಮೀಟರ್ ಬೇಕಾಗುತ್ತದೆ. ಉಳಿಯುವುದು ಬರಿ 250 ಮೀಟರ್. ಆ ಮೇಲೆ ನಿಜವಾದ ಹಿಂಗಾಳಿಯೂ 10 ನಾಟ್ ಬೀಸಿದರೆ? 3,295 ಮೀಟರ್. ಅಂದರೆ ಸರಡಗಿಯ ರನ್‌ವೇ ಮುಗಿದು ಎರೆಮಣ್ಣು ಶುರುವಾಗಿರುತ್ತದೆ.

ಉದ್ದ ರನ್‌ವೇ ಇದೆ, ಹಂತ 1 ಸಾಕು ಎಂದು ಚಳಿಗಾಲದ ಬೆಳಿಗ್ಗೆ ಕಲಿತ ಅಭ್ಯಾಸ ಬೇಸಿಗೆಯ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಬಿಸಿಲಿನ ದಿನ ಹಂತ 2ಕ್ಕೆ ಹೋಗಿ, ಸುಮಾರು 700 ಮೀಟರ್ ಕೈಯಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಊರಿನಲ್ಲಿ ಮಾರ್ಚಿನಿಂದ ಜೂನ್ ಮೊದಲ ಮಳೆಯವರೆಗೆ ಹಂತ 1 ಎಂಬುದು ಇಲ್ಲವೇ ಇಲ್ಲ ಎಂದುಕೊಂಡರೂ ನಷ್ಟವೇನಿಲ್ಲ.

4. ಹಿಂಗಾಳಿಗೆ ಸಲುಗೆ ಕೊಡಬೇಡಿ

ನೇರ ಇಳಿದರೆ ಐದು ನಿಮಿಷ ಉಳಿತಾಯ, ಸುತ್ತು ಹಾಕಿ ಇನ್ನೊಂದು ತುದಿಯಿಂದ ಬಂದರೆ ಎದುರುಗಾಳಿ. ಹೆಚ್ಚಿನ ವಿಮಾನಗಳಿಗೆ ಹಿಂಗಾಳಿಯ ಸಾಮಾನ್ಯ ಮಿತಿ 10 ನಾಟ್. ಮಿತಿ ಎಂದರೆ ಗುರಿ ಅಲ್ಲ. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ಮಳೆಯಲ್ಲಿ, ಹಿಂಗಾಳಿಯಲ್ಲಿ, 8,858 ಅಡಿ ರನ್‌ವೇಯ 4,438ನೇ ಅಡಿಗೆ ಗಾಲಿ ಊರಿತು. ಅರ್ಧ ರನ್‌ವೇ ಗಾಳಿಯಲ್ಲೇ ಮುಗಿದಿತ್ತು. ವಿಮಾನದಲ್ಲಿದ್ದ 190 ಮಂದಿಯಲ್ಲಿ 21 ಜನ ಹೋದರು.

5. ಮಳೆ ಬಂದರೆ ಗುಂಡಿಯನ್ನು ನಂಬುವ ಮೊದಲು ನೆಲವನ್ನು ನೋಡಿ

ಆಟೋಬ್ರೇಕ್ ಕೇಳಿದಷ್ಟು ದರವನ್ನು ಕೊಡಬೇಕಾದರೆ ಟೈರಿಗೂ ನೆಲಕ್ಕೂ ನಡುವೆ ಹಿಡಿತ ಇರಬೇಕು. ನೆಲ ಕೊಡದ್ದನ್ನು ಯಾವ ಗುಂಡಿಯೂ ಕೊಡಲಾರದು. ನೀರು ನಿಂತ ರನ್‌ವೇಯಲ್ಲಿ ಗುಂಡಿ ಮ್ಯಾಕ್ಸ್‌ಗೆ ಇಟ್ಟರೂ ಆಂಟಿಸ್ಕಿಡ್ ಚಕ್ರ ಜಾರದಂತೆ ಬ್ರೇಕನ್ನು ಮತ್ತೆ ಮತ್ತೆ ಬಿಡುತ್ತಲೇ ಇರುತ್ತದೆ. ಮೂರಕ್ಕೆ ಇಟ್ಟರೂ ಮ್ಯಾಕ್ಸ್‌ಗೆ ಇಟ್ಟರೂ ಸಿಗುವುದು ಒಂದೇ ಆಗಿಬಿಡಬಹುದು.

ನಾಸಾದ ಒಂದು ಹಳೆಯ ಸೂತ್ರ ಇದೆ. ಟೈರಿನ ಒತ್ತಡವನ್ನು ಪಿಎಸ್‌ಐನಲ್ಲಿ ಬರೆದು ಅದರ ವರ್ಗಮೂಲವನ್ನು 9ರಿಂದ ಗುಣಿಸಿ. ಬಂದ ಸಂಖ್ಯೆ ನಾಟ್‌ಗಳಲ್ಲಿ, ಅದರ ಮೇಲೆ ಟೈರು ನೀರಿನ ಮೇಲೆ ತೇಲಬಹುದು. 200 ಪಿಎಸ್‌ಐ ಟೈರಿಗೆ ಉತ್ತರ 127. ಜೆಟ್ ವಿಮಾನ ನೆಲ ಮುಟ್ಟುವುದು ಅದಕ್ಕಿಂತ ಹೆಚ್ಚಿನ ವೇಗದಲ್ಲೇ. ಅಂದರೆ ಬ್ರೇಕು ತೀರ ಬೇಕಾದ ಮೊದಲ ಸೆಕೆಂಡುಗಳಲ್ಲೇ ಅದು ಕೈಕೊಡಬಹುದು. ಆಗ ದುಡಿಯುವುದು ರಿವರ್ಸರ್ ಮತ್ತು ರೆಕ್ಕೆಯ ಮೇಲೆ ಎದ್ದು ನಿಲ್ಲುವ ಸ್ಪಾಯ್ಲರ್ ಹಲಗೆಗಳು. ಒಣ ನೆಲದಲ್ಲಿ ರಿವರ್ಸರ್ ಬ್ರೇಕಿನ ಆಯುಸ್ಸು ಕಾಯುತ್ತದೆ, ಒದ್ದೆ ನೆಲದಲ್ಲಿ ನಮ್ಮ ಆಯುಸ್ಸು.

2021ರ ನವೆಂಬರ್ 4ರಿಂದ ಜಗತ್ತಿನ ವಿಮಾನ ನಿಲ್ದಾಣಗಳು ರನ್‌ವೇಯ ಸ್ಥಿತಿಯನ್ನು 6ರಿಂದ 0ವರೆಗಿನ ಅಂಕಿಯಲ್ಲಿ ಹೇಳುವ ಏಕರೂಪದ ಪದ್ಧತಿಗೆ ಬಂದಿವೆ. 6 ಎಂದರೆ ಒಣ, 5 ಎಂದರೆ ಒದ್ದೆ. ನೀರು ಮೂರು ಮಿಲಿಮೀಟರಿಗಿಂತ ಹೆಚ್ಚು ನಿಂತರೆ ಅಂಕಿ ನೇರ 2ಕ್ಕೆ ಜಾರುತ್ತದೆ. ನಡುವಿನ ಎರಡು ಮೆಟ್ಟಿಲು ಕಾಣೆ! ಹತ್ತು ನಿಮಿಷದ ಅಡ್ಡಮಳೆ ಸಾಕು ಅದಕ್ಕೆ. ಅರ್ಧ ತಾಸಿನ ಹಿಂದಿನ ವರದಿಯನ್ನು ನೆಚ್ಚಿ ಇಟ್ಟ ಗುಂಡಿ ಹಳಸಿದ ಅನ್ನದಂತೆ. ನಿಯಮ ಬರೆದವರಿಗೂ ಇದು ಗೊತ್ತು. ಹೊರಡುವ ಮೊದಲು ಹಾಕುವ ಲೆಕ್ಕದಲ್ಲಿ ಒಣ ರನ್‌ವೇಯಾದರೆ ನಿಲ್ಲುವ ದೂರ ರನ್‌ವೇಯ ನೂರಕ್ಕೆ 60 ಮೀರಬಾರದು, ಒದ್ದೆಯಾದರೆ ಅದರ ಮೇಲೆ ಇನ್ನೂ ನೂರಕ್ಕೆ 15ರಷ್ಟು ಉದ್ದ ಬೇಕು.

6. ಸ್ಪಾಯ್ಲರ್ ಎದ್ದಿತೇ ಎಂದು ಕಣ್ಣಾರೆ ನೋಡಿ, ಬಾಯಾರೆ ಹೇಳಿ

ರೆಕ್ಕೆ ಇನ್ನೂ ವಿಮಾನವನ್ನು ಎತ್ತುತ್ತಿದ್ದರೆ ಗಾಲಿಯ ಮೇಲೆ ತೂಕ ಬೀಳುವುದಿಲ್ಲ, ತೂಕ ಬೀಳದ ಗಾಲಿಗೆ ಬ್ರೇಕು ಹತ್ತುವುದಿಲ್ಲ. ಏರ್‌ಬಸ್ 320ರಲ್ಲಂತೂ ಸ್ಪಾಯ್ಲರ್ ಎದ್ದರೆ ಮಾತ್ರ ಆಟೋಬ್ರೇಕ್ ಎಚ್ಚರಗೊಳ್ಳುತ್ತದೆ. 2007ರ ಜುಲೈ 17ರಂದು ಬ್ರೆಜಿಲ್‌ನ ಸಾವೊ ಪಾಲೊದ ಕೊಂಗೊನ್ಯಾಸ್‌ನಲ್ಲಿ ಟಾಮ್ ಕಂಪನಿಯ 320 ಒದ್ದೆ ರನ್‌ವೇಗೆ ಇಳಿಯಿತು. ಒಂದು ಎಂಜಿನ್ನಿನ ರಿವರ್ಸರ್ ಮೊದಲೇ ಕೆಟ್ಟು ನಿಷ್ಕ್ರಿಯವಾಗಿತ್ತು, ಆ ಎಂಜಿನ್ನಿನ ಥ್ರಸ್ಟ್ ಹಿಡಿಕೆ ಹಿಂದಕ್ಕೆ ಬರದೆ ಮೇಲೇರುವ ಸ್ಥಾನದಲ್ಲೇ ಉಳಿದುಬಿಟ್ಟಿತು. ವಿಮಾನದ ಗಣಕಕ್ಕೆ ಇವರು ಇಳಿಯುತ್ತಿದ್ದಾರೆಯೇ ಏರುತ್ತಿದ್ದಾರೆಯೇ ತಿಳಿಯಲಿಲ್ಲ. ಸ್ಪಾಯ್ಲರ್ ಏಳಲಿಲ್ಲ, ಆಟೋಬ್ರೇಕೂ ಏಳಲಿಲ್ಲ. 199 ಜನ ಸತ್ತರು.

ಗಾಲಿ ತಾಗಿದೊಡನೆ ಪಕ್ಕದ ಪೈಲಟ್ ಮೂರು ಮಾತು ಗಟ್ಟಿಯಾಗಿ ಹೇಳಬೇಕು: ಸ್ಪಾಯ್ಲರ್, ರಿವರ್ಸರ್, ಆಟೋಬ್ರೇಕ್. ಒಂದು ಇಲ್ಲದಿದ್ದರೆ ಇಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಹಿರಿಯರ ಮುಂದೆ ಇಲ್ಲ ಎನ್ನಲು ನಾಲಿಗೆ ತೊಡರುತ್ತದೆ. ಕಾಕ್‌ಪಿಟ್ಟಿನಲ್ಲಿ ಆ ಸಂಕೋಚ ಬೇಡ.

7. ಹೊಸ ಗುಂಡಿ ಸಿಕ್ಕಿತೆಂದು ಹಳೆಯ ಕೈಕೆಲಸ ಮರೆಯಬೇಡಿ

ಆಟೋಬ್ರೇಕ್ ಬಗ್ಗೆ ಒಂದೇ ಒಂದು ಅಪಘಾತದ ಕಥೆ ಓದಲು ಸಮಯವಿದ್ದರೆ ಇದನ್ನೇ ಓದಿ. 2005ರ ಡಿಸೆಂಬರ್ 8, ಅಮೆರಿಕದ ಷಿಕಾಗೊ ನಗರದ ಮಿಡ್‌ವೇ ನಿಲ್ದಾಣ. ಹಿಮ ಸುರಿಯುತ್ತಿತ್ತು, ಹಿಂಗಾಳಿ ಇತ್ತು. ಸೌತ್‌ವೆಸ್ಟ್ ಕಂಪನಿ ಅಲ್ಲಿಯವರೆಗೆ ಆಟೋಬ್ರೇಕ್ ಬಳಸುತ್ತಿರಲಿಲ್ಲ, ಆಗಷ್ಟೇ ಶುರು ಮಾಡಿತ್ತು. ಆ 737ರ ಪೈಲಟ್‌ಗಳಿಗೆ ಅದು ಮೊದಲ ಅನುಭವ. ಗುಂಡಿಯನ್ನು ಮ್ಯಾಕ್ಸ್‌ಗೆ ಇಟ್ಟು ಇಳಿದರು. ಹೊಸ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಕಡೆಗೇ ಮನಸ್ಸು ಹೋಗಿ, ದಿನಾ ಕೈ ತಾನಾಗಿ ಎಳೆಯುತ್ತಿದ್ದ ರಿವರ್ಸರ್ ಮರೆತುಹೋಯಿತು. ಅದು ಪೂರ್ತಿ ತೆರೆದುಕೊಳ್ಳುವ ಹೊತ್ತಿಗೆ ಗಾಲಿ ತಾಗಿ ಸುಮಾರು 18 ಸೆಕೆಂಡ್ ಆಗಿತ್ತು. ವಿಮಾನ ಬೇಲಿ ಮುರಿದು ರಸ್ತೆಗೆ ಬಂದು ನಿಂತಿತು. ರಸ್ತೆಯಲ್ಲಿದ್ದ ಕಾರೊಂದರಲ್ಲಿ ಆರು ವರ್ಷದ ಹುಡುಗ ಸತ್ತ.

ಅಮೆರಿಕದ ತನಿಖಾ ಮಂಡಳಿ ಮುಖ್ಯ ಕಾರಣವಾಗಿ ಬರೆದದ್ದು ಇದನ್ನೇ: ಆಟೋಬ್ರೇಕಿನ ಅಪರಿಚಿತತೆ ಪೈಲಟ್‌ಗಳ ಗಮನವನ್ನು ರಿವರ್ಸರ್‌ನಿಂದ ಬೇರೆಡೆಗೆ ಸೆಳೆಯಿತು. ಬ್ರೇಕು ತನ್ನ ಕೆಲಸ ಮಾಡಿತು. ಹಿಮದ ನೆಲ ಕೊಟ್ಟಷ್ಟನ್ನು ಅದು ತೆಗೆದುಕೊಂಡಿತು, ಉಳಿದದ್ದು ರಿವರ್ಸರ್‌ನಿಂದ ಬರಬೇಕಿತ್ತು. ಈಗ ಜಗತ್ತು ಬಳಸುತ್ತಿರುವ 6ರಿಂದ 0 ಅಂಕಿಯ ವರದಿ ಪದ್ಧತಿಯ ಬೇರುಗಳಲ್ಲಿ ಒಂದು ಈ ಅಪಘಾತದ ತನಿಖೆಯಲ್ಲಿದೆ.

8. ಮ್ಯಾಕ್ಸ್ ಬಗ್ಗೆ ಎರಡು ಮಾತು

ಬೋಯಿಂಗ್‌ನಲ್ಲಿ ಮ್ಯಾಕ್ಸ್ ಇರುವುದು ಬೇಕಾದಾಗ ಬಳಸಲೆಂದೇ. ಅಂಕಿ ಬೇಕೆಂದರೆ ಇಡಿ, ಪ್ರಯಾಣಿಕರು ಏನೆಂದುಕೊಳ್ಳುತ್ತಾರೋ ಎಂದು ನಾಚಬೇಡಿ. ಏರ್‌ಬಸ್ 320ರ ಮ್ಯಾಕ್ಸ್ ಮೇಲೇರಲು ಓಡುವಾಗ ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ ಎಂದು ಇಟ್ಟದ್ದು, ಇಳಿಯಲು ಅದನ್ನು ಹೇಳಿಲ್ಲ. ಎರಡೂ ವಿಮಾನ ಹಾರಿಸಿದವರಿಗೆ ಹೆಸರು ಒಂದೇ ಎಂಬುದೇ ಬಲೆ.

9. ಬ್ರೇಕಿನ ಬೇಗೆಗೂ ಲೆಕ್ಕ ಇಡಿ

ಸುಮಾರು 65 ಟನ್ ತೂಕದ 737 ಒಂದು 135 ನಾಟ್‌ನಲ್ಲಿ ನೆಲ ಮುಟ್ಟಿದಾಗ ಅದರೊಳಗಿನ ಚಲನ ಶಕ್ತಿ ಸುಮಾರು 156 ಮೆಗಾಜೂಲ್. ಹೋಲಿಸಿ ನೋಡಬೇಕೆಂದರೆ, ಹುಮನಾಬಾದ್ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ 16 ಟನ್ ತೂಕದ ಎಪ್ಪತ್ತು ಲಾರಿಗಳನ್ನು ಒಟ್ಟಿಗೆ ನಿಲ್ಲಿಸಿದಷ್ಟು. ಬಿಸಿಲಿನ ಮಧ್ಯಾಹ್ನ 145 ನಾಟ್ ಆದರೆ 181 ಮೆಗಾಜೂಲ್, ಅಂದರೆ ಇನ್ನೂ ಹತ್ತು ಹನ್ನೊಂದು ಲಾರಿ. ಗಾಳಿಯ ತಡೆ ಮತ್ತು ರಿವರ್ಸರ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದೆಲ್ಲ ಶಾಖವಾಗಿ ಬ್ರೇಕಿನ ತಟ್ಟೆಗಳೊಳಗೆ ಹೋಗುತ್ತದೆ.

ಅರ್ಧ ತಾಸಿನಲ್ಲಿ ಮತ್ತೆ ಹಾರಬೇಕಾದ ವಿಮಾನಕ್ಕೆ ಇದು ದೊಡ್ಡ ತಲೆನೋವು. ಏರ್‌ಬಸ್ 320ರ ಬ್ರೇಕು 300 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಹಾರುವಂತಿಲ್ಲ, ಆರಲು ಕಾಯಬೇಕು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ಲುವ ಏಪ್ರನ್ ಮೇಲೆ ಆರುವುದೂ ನಿಧಾನ. ಬೇಡದೆ ಹಂತ 3 ಇಟ್ಟವರು ಮುಂದಿನ ಹಾರಾಟದ ಹೊತ್ತನ್ನು ತಿಂದಿರುತ್ತಾರೆ.

ಈ ಕಾರಣಕ್ಕೇ ಕೆಲವರು ಆಟೋಬ್ರೇಕ್ ಬಿಟ್ಟು ಕಾಲಿನಿಂದ ಸ್ವಲ್ಪ ಒತ್ತಿ, ಬಿಟ್ಟು, ಮತ್ತೆ ಒತ್ತಿ ಬ್ರೇಕು ಉಳಿಸುತ್ತೇವೆ ಎನ್ನುತ್ತಾರೆ. ಉಕ್ಕಿನ ಬ್ರೇಕಿನ ಕಾಲದ ಮಾತು ಅದು. ಉಕ್ಕು ಸವೆಯುವುದು ಹೀರಿದ ಶಕ್ತಿಗೆ ತಕ್ಕಂತೆ. ಈಗಿನ ಕಾರ್ಬನ್ ಬ್ರೇಕು ಎಷ್ಟು ಸಲ ಒತ್ತಿದಿರಿ ಎಂಬುದಕ್ಕೆ ತಕ್ಕಂತೆ ಸವೆಯುತ್ತದೆ. ಒಂದೇ ಸಲ, ಗಟ್ಟಿಯಾಗಿ, ಕೊನೆಯವರೆಗೆ ಹಿಡಿಯುವುದು ಅದಕ್ಕೆ ಹಿತ. ಆಟೋಬ್ರೇಕ್ ಮಾಡುವುದು ಅದನ್ನೇ.

10. ಗಾಳಿಯಲ್ಲಿ ಕಳೆದ ನೆಲವನ್ನು ಬ್ರೇಕು ಮರಳಿ ಕೊಡುವುದಿಲ್ಲ

ನೆಲದ ಮೇಲೆ ಮೆತ್ತಗೆ ಕೂರಿಸುವ ಆಸೆಯಿಂದ ಒಂದು ಸೆಕೆಂಡ್ ತೇಲಿಸಿದರೆ 70 ಮೀಟರ್ ಹೋಯಿತು. ಐದು ಸೆಕೆಂಡ್ ತೇಲಿಸಿದರೆ 350. ಹಂತ 1ರಿಂದ 2ಕ್ಕೆ ಗುಂಡಿ ತಿರುಗಿಸಿ ಗಳಿಸಿದ್ದರಲ್ಲಿ ಬಹುಪಾಲು ಅಲ್ಲೇ ಖರ್ಚು. ಹಗುರ ಲ್ಯಾಂಡಿಂಗ್‌ಗೆ ಚಪ್ಪಾಳೆ ಹೊಡೆಯುವ ಪ್ರಯಾಣಿಕರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಹೊಡೆಯುವುದಿದ್ದರೆ ಸರಿಯಾದ ಜಾಗದಲ್ಲಿ ಇಳಿದದ್ದಕ್ಕೆ ಹೊಡೆಯಲಿ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರ ಕಥೆ ಕನ್ನಡನಾಡಿಗೆ ಹೇಳಿಕೊಡಬೇಕಿಲ್ಲ. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ಸಮಿತಿಯ ವರದಿ ಬಿಡಿಸಿಟ್ಟ ಕೊನೆಯ ನಿಮಿಷ ಹೀಗಿದೆ. ಕ್ಯಾಪ್ಟನ್ ದಾರಿಯಲ್ಲಿ ತಾಸಿಗೂ ಮಿಕ್ಕಿ ನಿದ್ದೆ ಹೋಗಿದ್ದರು. ವಿಮಾನ ಬಹಳ ಎತ್ತರದಿಂದ ಬಂತು. ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದು ಫಸ್ಟ್ ಆಫೀಸರ್ ಮೂರು ಸಲ ಹೇಳಿದರು. ಗಾಲಿ ತಾಗಿದ್ದು ಸುಮಾರು 5,200ನೇ ಅಡಿಗೆ, ರನ್‌ವೇ ಇದ್ದದ್ದು 8,033 ಅಡಿ. ಮುಂದೆ ಉಳಿದದ್ದು 860 ಮೀಟರ್.

ನಮ್ಮ ಲೆಕ್ಕ ಇಲ್ಲಿಗೆ ತನ್ನಿ. ಗಾಲಿ ತಾಗಿದ ಮೇಲೆ 135 ನಾಟ್‌ನಿಂದ ನಿಲ್ಲಲು ಹಂತ 2ಕ್ಕೆ ಸುಮಾರು 1,580 ಮೀಟರ್ ಬೇಕು, ಹಂತ 3ಕ್ಕೆ 1,100. ಎರಡೂ ಆಗದು. ಮ್ಯಾಕ್ಸ್ ಮಟ್ಟದ ಬ್ರೇಕಿಗೆ ಸುಮಾರು 600. ಕಾಲಿನಿಂದ ಪೂರ್ಣ ಬಲದ ಬ್ರೇಕು ಮತ್ತು ರಿವರ್ಸರ್ ಎರಡನ್ನೂ ಗಾಲಿ ತಾಗಿದ ಕೂಡಲೇ ಹಾಕಿ ಹಿಡಿದಿದ್ದರೆ ವಿಮಾನ ರನ್‌ವೇಯೊಳಗೆ ನಿಲ್ಲುತ್ತಿತ್ತು ಎಂದು ತಯಾರಕರ ಲೆಕ್ಕವೂ ಹೇಳಿತು. ರಿವರ್ಸರ್ ಎಳೆದು ಬ್ರೇಕು ಹಾಕಿದ್ದರು ನಿಜ. ಕೆಲವೇ ಸೆಕೆಂಡುಗಳಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೊರಟರು. ರೆಕ್ಕೆ ರನ್‌ವೇ ಅಂಚಿನಾಚೆಯ ಆಂಟೆನಾ ಕಟ್ಟೆಗೆ ಬಡಿಯಿತು.

ಇಲ್ಲಿಂದ ಎರಡು ಮಾತು ಎದೆಯಲ್ಲಿ ಬರೆದುಕೊಳ್ಳಿ. ರಿವರ್ಸರ್ ಎಳೆಯುವ ಮುನ್ನ ಅನುಮಾನ ಬಂದರೆ ಮೇಲೇರಿ, ಯಾರ ಅಪ್ಪಣೆಗೂ ಕಾಯಬೇಡಿ. ರಿವರ್ಸರ್ ಎಳೆದ ಮೇಲೆ ಮೇಲೇರುವ ಯೋಚನೆಯೇ ಬೇಡ, ಕೊನೆಯ ಇಂಚಿನವರೆಗೆ ಬ್ರೇಕು ಒತ್ತಿ.

11. ಗುಂಡಿಯನ್ನು ಮೀರಲು ಕಾಲು ಸಿದ್ಧವಿರಲಿ

ಪೆಡಲ್ ಒತ್ತಿದರೆ ಆಟೋಬ್ರೇಕ್ ಬಿಟ್ಟುಕೊಡುತ್ತದೆ, ಅದು ಅದರ ಸೌಜನ್ಯ. ನೆಲ ಬೇಗ ಮುಗಿಯುತ್ತಿದೆ ಅನ್ನಿಸಿದರೆ ಗುಂಡಿ ತಿರುಗಿಸಲು ಕೈ ಹುಡುಕಬೇಡಿ, ಕಾಲು ಒತ್ತಿ. ಆದರೆ ಅಚಾತುರ್ಯದಿಂದ ಪೆಡಲ್ ತಾಗಿಸಿ ಆಟೋಬ್ರೇಕ್ ಕಳಚಿಕೊಂಡು, ಅದು ಇದೆಯೆಂದೇ ನಂಬಿ ಕೂತವರೂ ಇದ್ದಾರೆ. ಕಳಚಿದ ದೀಪ ಹತ್ತುತ್ತದೆ, ನೋಡಿ. ಹತ್ತಿರದ ಟ್ಯಾಕ್ಸಿವೇ ಹಿಡಿಯಬೇಕೆಂದು ಗಕ್ಕನೆ ಒತ್ತುವವರಿಗೆ ಒಂದೇ ಮಾತು: ಮುಂದಿನ ಟ್ಯಾಕ್ಸಿವೇಯೂ ಅದೇ ಟರ್ಮಿನಲ್ಲಿಗೆ ಹೋಗುತ್ತದೆ.

12. ಈಗಲೇ ಕಾಲು ಕಲಿಯಲಿ

ಸರಡಗಿಯ ಮೇಲೆ ಸುತ್ತುವ ತರಬೇತಿ ವಿಮಾನದಲ್ಲಿ ಆಟೋಬ್ರೇಕ್ ಇಲ್ಲ. ಕಲಬುರಗಿಗೆ ಬಂದು ಹೋಗಿರುವ ಎಟಿಆರ್ 72 ವಿಮಾನದಲ್ಲೂ ಇಲ್ಲ, ಅದು ಪ್ರೊಪೆಲ್ಲರ್ ಹಲಗೆಗಳನ್ನು ತಿರುಗಿಸಿ ಗಾಳಿಯಿಂದಲೇ ಅರ್ಧ ಕೆಲಸ ಮುಗಿಸಿಕೊಳ್ಳುತ್ತದೆ. ಬೆಂಗಳೂರಿಗೂ ಮಂಗಳೂರಿಗೂ ಇರುವ ಆ ಗುಂಡಿ ನಮ್ಮೂರಿಗೆ ಇನ್ನೂ ಅಪರೂಪದ ಅತಿಥಿ ಎನ್ನಬಹುದು. ಬೇಸರ ಬೇಡ. ಗುಂಡಿ ತಿರುಗಿಸುವುದನ್ನು ಸಿಮ್ಯುಲೇಟರಿನಲ್ಲಿ ಒಂದು ಮಧ್ಯಾಹ್ನ ಕಲಿಯಬಹುದು. ನೆಲ ಎಷ್ಟು ಬೇಗ ಕರಗುತ್ತಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದನ್ನು ಕಲಿಯಲು ನೂರಾರು ಲ್ಯಾಂಡಿಂಗ್ ಬೇಕು, ಅದಕ್ಕೆ ಮೂರು ಕಿಲೋಮೀಟರಿಗೂ ಉದ್ದದ ಈ ರನ್‌ವೇಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಪ್ರತಿ ಲ್ಯಾಂಡಿಂಗ್ ಆದ ಮೇಲೆ ಎಲ್ಲಿ ತಾಗಿತು, ಎಲ್ಲಿ ನಿಂತಿತು, ಆಗ ಶಾಖ ಎಷ್ಟಿತ್ತು, ಗಾಳಿ ಯಾವ ಕಡೆಯಿಂದ ಇತ್ತು ಎಂದು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜನವರಿಯ ಪುಟವನ್ನೂ ಮೇ ತಿಂಗಳ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮೂರನೆಯ ಸೂತ್ರ ನಿಮ್ಮದೇ ಕೈಬರಹದಲ್ಲಿ ಕಾಣುತ್ತದೆ.

13. ಇದು ಹಿಂದಿನ ಸೀಟಿನವರಿಗೆ

ಪೈಲಟ್ ಆಗದವರಿಗೂ ಒಂದು ಸೂತ್ರ ಉಳಿದಿದೆ. ಗಾಲಿ ತಾಗಿದ ಕ್ಷಣ ಟಕಟಕ ಎಂದು ಬೆಲ್ಟ್ ಬಿಚ್ಚುವ ಸದ್ದು ನಮ್ಮ ಕಡೆಯ ವಿಮಾನಗಳಲ್ಲಿ ತಪ್ಪದೆ ಕೇಳುತ್ತದೆ. ಆ ಹೊತ್ತಿಗೆ ಆಟೋಬ್ರೇಕ್ ಇನ್ನೂ ವೇಗದೊಡನೆ ಗುದ್ದಾಡುತ್ತಿರುತ್ತದೆ, ಪೈಲಟ್ ಯಾವ ಗಳಿಗೆಯಲ್ಲಾದರೂ ಕಾಲು ಒತ್ತಬೇಕಾಗಿ ಬರಬಹುದು. ಮೇಲಿನ ಡಬ್ಬಿಯಿಂದ ಚೀಲ ಇಳಿಸಲು ಎದ್ದು ನಿಂತವರು ಆಗ ಮುಂದಿನ ಸೀಟಿಗೆ ಹೋಗಿ ಬೀಳುತ್ತಾರೆ. ವಿಮಾನ ಕಮಲಾಪುರದ ಬಸ್ಸಲ್ಲ, ನೀವು ಇಳಿಯುವ ಮೊದಲೇ ಹೊರಡುವುದಿಲ್ಲ. ಬೆಲ್ಟ್ ದೀಪ ಆರುವವರೆಗೆ ಕೂತಿರ್ರಿ.